ಗ್ಯಾಸ್ ಕಟ್ಟರ್ ತಿಂದ ಮೂರು ತಿಂಗಳು

ಕಳೆದ ವಾರ ನಾಲ್ಕೇ ನಿಮಿಷದಲ್ಲಿ ನಾನೊಂದು ಪಿಎಚ್‌ಡಿಗೆ ಬೆಂಕಿ ಇಟ್ಟೆ. (ನನ್ನದಲ್ಲ. ನನಗೆಲ್ಲಿಯ ಅಷ್ಟು ಓದು?) ತಂಗಿಯ ಮಗಳು ಶ್ರಾವ್ಯಳದ್ದು.

ಅವಳ ಸಂಶೋಧನೆ ಉಕ್ಕಿನ ತಗಡಿನ ಮೇಲೆ. ತಗಡನ್ನು ಹಲ್ಲಿರುವ ಅಚ್ಚಿನಲ್ಲಿಟ್ಟು ಒತ್ತುವುದು, ಚಪ್ಪಟೆ ಮಾಡುವುದು, ಮತ್ತೆ ಒತ್ತುವುದು. ಹೀಗೆ ಜಜ್ಜಿಸಿಕೊಂಡು ಒಳಗಿನ ಕಣಗಳು ತೀರಾ ಸಣ್ಣವಾಗಿ ಉಕ್ಕು ಗಟ್ಟಿಯಾಗುತ್ತದಂತೆ. ಆದರೆ ಎಳೆದರೆ ಬೇಗ ತುಂಡಾಗುತ್ತದೆ. ಅದಕ್ಕೇ ಫರ್ನೇಸಿನಲ್ಲಿ ಹದವಾಗಿ ಕಾಯಿಸಿ ನೋಡುವುದು. ಮೂರು ತಿಂಗಳು ಒತ್ತಿದ್ದರಲ್ಲಿ ಬಿರುಕು ಬಿಡದೆ ಉಳಿದದ್ದು ಎರಡೇ ತಗಡು. ವಾರದೊಳಗೆ ಗೈಡ್ ಮುಂದೆ ರಿಸಲ್ಟ್ ಇಡಬೇಕಿತ್ತು.

ಕಾಲೇಜಿನ ಕಟ್ಟಿಂಗ್ ಮಷಿನ್ ಕೆಟ್ಟಿತ್ತು. ತೊಕ್ಕೊಟ್ಟಿನಲ್ಲಿ ಫ್ಯಾಬ್ರಿಕೇಶನ್ ಅಂಗಡಿ ಇಟ್ಟಿರುವ ನನ್ನ ಗೆಳೆಯ ಹಮೀದಾಕನಿಂದ ಆ ತಗಡುಗಳನ್ನು ಪಟ್ಟಿಗಳಾಗಿ ಕೊಯ್ಯಿಸಿ ತರುವ ಕೆಲಸ ನನ್ನ ಪಾಲಿಗೆ ಬಂತು. "ಹ್ಯಾಕ್‌ಸಾ ಗರಗಸದಲ್ಲೇ, ನೀರು ಹಾಕಿಕೊಂಡು" ಎಂದು ಶ್ರಾವ್ಯ ಎರಡು ಸಲ ಹೇಳಿದ್ದಳು.

"ಅದಕ್ಕೆ ಎರಡು ಗಂಟೆ ಬೇಕು ಮಾರಾಯ. ಗ್ಯಾಸಿನಲ್ಲಾದ್ರೆ ಈಗಲೇ ಆಗ್ತದೆ. ಬಿಸಿ ತಾಗಿದ್ರೆ ತೊಂದರೆ ಉಂಟಾ?" ಹಮೀದಾಕ ಕೇಳಿದರು. (ಪಾಪ, ಅವರು ಕೇಳಿಯೇ ಮಾಡಿದ್ದು.)

ಸಂಜೆ ಸೇತುವೆಯಲ್ಲಿ ಟ್ರಾಫಿಕ್ ಬ್ಲಾಕ್ ಆಗುವ ಮೊದಲು ನಾನು ದೇರೆಬೈಲಿನ ಮನೆ ಸೇರಬೇಕಿತ್ತು. "ಎಂತ ತೊಂದರೆ? ಹೇಗೂ ಅದನ್ನು ಕಾಯಿಸ್ಲಿಕ್ಕೇ ಉಂಟಲ್ಲ" ಎಂದುಬಿಟ್ಟೆ.

ಬಿಸಿಗೆ ನೀಲಿಗಟ್ಟಿದ ಅಂಚು ನೋಡಿ ಶ್ರಾವ್ಯ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹದ ಮೀರಿ ಕಾದ್ರೆ ಕಣ ಪುನಃ ದೊಡ್ಡದಾಗ್ತದೆ ಮಾಮ. ಒತ್ತಿದ್ದೆಲ್ಲ ವೇಸ್ಟ್" ಎಂದು ಕಣ್ಣೊರೆಸಿಕೊಂಡಳು. ನಾಚಿಕೆಯಿಂದ ನನಗೆ ಊಟ ಸೇರಲಿಲ್ಲ.

ಬೆಳಿಗ್ಗೆ, ನಡುಭಾಗಕ್ಕೆ ಅಷ್ಟು ಬಿಸಿ ತಾಗಿರಲಿಕ್ಕಿಲ್ಲ ಎಂದು ಅವಳೇ ತೊಕ್ಕೊಟ್ಟಿಗೆ ಹೊರಟು ನಿಂತಳು. ಹಮೀದಾಕ ಗೇಟಿನ ಕೆಲಸ ಬದಿಗಿಟ್ಟು ಹ್ಯಾಕ್‌ಸಾ ಹಿಡಿದರು. ನೀರು ಸುರಿಯುವ ಡ್ಯೂಟಿ ನನ್ನದು. ಬಿಸಿ ತಾಗಿದ ಅಂಚನ್ನೆಲ್ಲ ತೆಗೆದ ಮೇಲೆ ಉಳಿದದ್ದು ಆರು ಗಿಡ್ಡ ಪಟ್ಟಿ.

"ಇಷ್ಟು ಸಾಕು. ಸಣ್ಣ ಸ್ಯಾಂಪಲ್‌ನಲ್ಲೇ ಮಾಡ್ತೇನೆ" ಎಂದಳು.

ಮಾಡಿದಳು. ಕಾಯಿಸದ ಪಟ್ಟಿ ಎಳೆದ ಕೂಡಲೇ ತುಂಡಾಯಿತು. ಅರ್ಧ ಗಂಟೆ ಹದವಾಗಿ ಕಾದದ್ದು ತುಸುವೇ ಗಡಸುತನ ಬಿಟ್ಟುಕೊಟ್ಟು ಚೆನ್ನಾಗಿ ಹಿಗ್ಗಿತು. ಅತಿಯಾಗಿ ಕಾದದ್ದು ಮಾತ್ರ ಮೊದಲಿನ ಮೆದು ತಗಡೇ ಆಗಿಬಿಟ್ಟಿತ್ತು. ಗೈಡ್ ಒಪ್ಪಿದರು. ಆದರೂ ಆರು ಗಿಡ್ಡ ಪಟ್ಟಿ ಪಿಎಚ್‌ಡಿಗೆ ಸಾಲದೆಂದು ಅವಳು ಮತ್ತೆ ಹೊಸ ತಗಡು ಒತ್ತಲು ಶುರು ಮಾಡಿದ್ದಾಳೆ.

ಈ 'ಹೇಗೂ' ನಮ್ಮನ್ನು ಎಲ್ಲೆಲ್ಲಿ ಕೆಡಿಸುತ್ತದೆ ನೋಡಿ. ಹೇಗೂ ಮಾತ್ರೆ ನುಂಗಬೇಕು, ಎರಡು ಹೊತ್ತಿನದನ್ನು ಒಟ್ಟಿಗೇ ನುಂಗೋಣ. ಹೇಗೂ ಮಗು ಕಲಿಯಬೇಕು, ರಜೆಯಲ್ಲೂ ಟ್ಯೂಷನ್ನಿಗೆ ಹೋಗಲಿ. ಹದ ಕೇಳುವ ಪುರುಸೊತ್ತು ಯಾರಿಗಿದೆ?

ಉಕ್ಕಿಗೆ ಬಿಸಿ ಬೇಕಿತ್ತು, ನಿಜ. ನನ್ನ ಅವಸರ ಬೇಕಿತ್ತೇ?