ಮಸ್ಕಿ ಹಳ್ಳಕ್ಕೆ ತಗಡಿನ ಮೀನು

ಹುಟ್ಟಿದಂದಿನಿಂದ ಮೀನು ತಿನ್ನದ ನನಗೆ, ಯಾವ ಕಾಲದಲ್ಲಿ ಯಾವ ನೀರಿಗೆ ಎಂಥ ತಗಡಿನ ಮೀನು ಕಟ್ಟಿದರೆ ಕೊರಮೀನು ಬಾಯಿ ಹಾಕುತ್ತದೆ ಎಂಬುದು ಇವತ್ತಿಗೂ ಬಾಯಿಪಾಠ. ಈ ವಿದ್ಯೆಯಿಂದ ಏನು ಸಿಕ್ಕಿತು ಎಂದು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿಲ್ಲ. ಕೇಳದಿದ್ದರೇ ಒಳ್ಳೆಯದು, ಕೇಳಿದರೆ ಎಲ್ಲಿ ಹೇಳಿಬಿಡುತ್ತೇನೋ ಎಂಬ ಹೆದರಿಕೆ ನನಗಿದೆ. ಹೆದರಿಕೆ ಇಲ್ಲದ ದಿನ ಮೈಯಲ್ಲಿ ಏನೋ ಕೆಟ್ಟಿದೆ ಎಂದು ಹೆದರುವವನು ನಾನು.

ಐವತ್ತನಾಲ್ಕನೇ ಇಸವಿಯ ಸುಮಾರಿಗೆ ಲಿಂಗಸುಗೂರಿನ ಒಂದು ಸರಕಾರಿ ಕಚೇರಿಯಲ್ಲಿ ಕಿರಿಯ ಗುಮಾಸ್ತನಾಗಿದ್ದೆ. ಹೆಂಡತಿ ಸಿಂಧನೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರು. ಮದುವೆಯಾಗಿ ಎರಡು ವರ್ಷವಾಗಿದ್ದರೂ ಒಂದೇ ಊರಿನಲ್ಲಿ ಸಂಸಾರ ಹೂಡುವುದಾಗಿರಲಿಲ್ಲ. ಅಷ್ಟರಲ್ಲಿ ಸಿಂಧನೂರಿನ ಕಡೆ ಕಾಲುವೆ ಕೆಲಸ ಜೋರಾಗಿ, ನಮ್ಮ ಕಚೇರಿಯ ಶಾಖೆಯೊಂದನ್ನು ಅಲ್ಲಿ ತೆರೆಯುವ ಮಾತು ಬಂತು. ಅಲ್ಲಿಗೊಬ್ಬ ಗುಮಾಸ್ತ ಬೇಕು. ಯಾರನ್ನು ಕಳಿಸಬೇಕೆಂಬುದು ನಮ್ಮ ಸಾಹೇಬರ ಕೈಯಲ್ಲಿತ್ತು. ಆ ಕೈಯಲ್ಲಿ ರವಿವಾರ ಬಂತೆಂದರೆ ಗಾಳದ ಕೋಲಿರುತ್ತಿತ್ತು.

ಸಾಹೇಬರು ಹೈದರಾಬಾದಿನಲ್ಲಿ ಓದಿ ಬಂದವರು. ಕನ್ನಡಕ್ಕೆ ಉರ್ದು ಕಲಸಿ ಮಾತಾಡುವವರು. ಒಂದು ಶನಿವಾರ ನನ್ನನ್ನು ಕರೆದು, "ನಾಳೆ ಮಸ್ಕಿ ಹಳ್ಳಕ್ಕ ಹೋಗೂಣು. ಎರೆ ನಿಮ್ಮ ಜಿಮ್ಮಾ" ಎಂದರು.

ಎರೆ ಎಂದರೆ ಗಾಳಕ್ಕೆ ಸಿಗಿಸುವ ತಿನಿಸು ಎಂದಷ್ಟೇ ನನಗೆ ಗೊತ್ತು. ಜೋಳದ ಹಿಟ್ಟಿಗೆ ಪುಟಾಣಿ ಪುಡಿ, ಬೆಲ್ಲ ಸೇರಿಸಿ, ನಾದಿ, ಉಂಡೆ ಕಟ್ಟಿಕೊಂಡು ಹೋದೆ. ದೊಡ್ಡವರ ಕೆಲಸವೆಂದು ತುಸು ಏಲಕ್ಕಿಯನ್ನೂ ಹಾಕಿದ್ದೆ. ಸಾಹೇಬರು ಮಡುವಿನ ದಂಡೆಯಲ್ಲಿ ಡಬ್ಬಿ ಬಿಚ್ಚಿ ಮೂಸಿದರು, ಒಂದನ್ನು ಬಾಯಿಗೆ ಹಾಕಿಕೊಂಡರು.

"ಬಹುತ್ ಅಚ್ಛಾ ಆಗೇದ. ಆದ್ರ ಗುಮಾಸ್ತರ, ಕೊರಮೀನು ಕಪ್ಪಿ ತಿನ್ನೋ ಪ್ರಾಣಿ. ಅದಕ್ಕ ಉಂಡಿ ತಿನ್ನಿಸಿ ದೀಕ್ಷಾ ಕೊಡಾಕತ್ತೀರೇನು?"

ಜೀಪಿನ ಡ್ರೈವರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಪ್ಪಿ, ಹುಳ ನಾ ಮುಟ್ಟಂಗಿಲ್ರಿ ಸಾಹೇಬ್ರ," ಎಂದೆ.

"ಹಂಗಾರ ಇವನ್ನ ಮುಟ್ರಿ. ಇವಕ್ಕ ಜೀವ ಇಲ್ಲ."

ಅವರು ಮುಂದಿಟ್ಟ ಪೆಟ್ಟಿಗೆಯಲ್ಲಿ ಪರದೇಶದ ನಕಲಿ ಎರೆಗಳಿದ್ದವು: ಚಮಚದಂಥ ಬೆಳ್ಳಿಬಣ್ಣದ ತಗಡು, ಗಿರಗಿರ ತಿರುಗುವ ಹಿತ್ತಾಳೆಯದು, ಕೆಂಪು ತಲೆಯ ಕಟ್ಟಿಗೆ ಮೀನು, ರಬ್ಬರಿನ ಕಪ್ಪೆ. ಆವತ್ತಿನಿಂದ ಅವನ್ನು ಆರಿಸಿ ಕಟ್ಟುವ ಕೆಲಸ ನನ್ನದಾಯಿತು.

ಜೀವವಿಲ್ಲದ್ದೆಂದು ಸಮಾಧಾನಪಟ್ಟರೂ ಅವಕ್ಕೆ ಮೀನಿನ ಲೋಳೆ ಅಂಟಿರುತ್ತಿತ್ತು. ಮುಂಜಾನೆ ಇಷ್ಟಲಿಂಗ ಇಟ್ಟು ಪೂಜಿಸುವುದು ಎಡ ಅಂಗೈಯಲ್ಲಿ. ಅದಕ್ಕೆ ಲೋಳೆ ತಾಗಬಾರದೆಂದು ಎಡಗೈಯನ್ನು ಬೆನ್ನ ಹಿಂದೆ ಕಟ್ಟಿ, ಎಲ್ಲವನ್ನೂ ಬಲಗೈಯಲ್ಲೇ ಮಾಡಿದೆ. ಒಂದೇ ಕೈಯಲ್ಲಿ ಗಂಟು ಬಿಗಿಯುವುದು ಹೇಗೆ? ದಾರದ ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದೆ. ಹೀಗೆ ತಿಂಗಳುಗಟ್ಟಲೆ ನಡೆದ ಮೇಲೆ ಡ್ರೈವರ್ ಒಂದು ದಿನ ಕೇಳಿದ: "ಯಪ್ಪಾ, ಕೈ ಕಾಯಾಕ ಹೋಗಿ ಬಾಯಾಗ ಮೀನಿನ ನೀರು ಹಿಂಡ್ಕೊಳ್ಳಾಕತ್ತೀರಲ್ರಿ?" ಆಮೇಲೆ ಎಷ್ಟು ಬಾಯಿ ಮುಕ್ಕಳಿಸಿದೆನೋ!

ಆದರೂ ಕಲಿತೆ. ಚಳಿಗಾಲದಲ್ಲಿ ಮಡುವಿನ ತಳದ ಕಲ್ಲು ಕಾಣುವಷ್ಟು ನೀರು ತಿಳಿ. ಆಗ ಸಣ್ಣ ಬೆಳ್ಳಿ ತಗಡನ್ನು ನಿಧಾನವಾಗಿ ಎಳೆಯಬೇಕು. ಮನುಷ್ಯರ ನೆರಳು ನೀರಿಗೆ ಬಿತ್ತೋ, ಆ ದಿನ ಮುಗಿದಂತೆ. ಬೇಸಿಗೆಯಲ್ಲಿ ಹಳ್ಳ ಬತ್ತಿ, ಉಳಿದ ನೀರಿಗೆ ಪಾಚಿ ಕಟ್ಟುತ್ತದೆ. ಬಿಸಿಲೇರುವ ಮೊದಲು ಆ ಪಾಚಿಯ ಮೇಲೆ ರಬ್ಬರ್ ಕಪ್ಪೆಯನ್ನು ಕುಣಿಸಬೇಕು. ಮಳೆ ಬಿದ್ದು ಹೊಲಗಳ ಕರಿ ಮಣ್ಣೆಲ್ಲ ಇಳಿದು ನೀರು ರಾಡಿಯಾದರೆ ಬೆಳ್ಳಿಗೆ ಕೆಲಸವಿಲ್ಲ. ಕಣ್ಣಿಗೆ ಕಾಣದ್ದು ಮೀನಿಗೆ ಕೇಳಿಸಲಾದರೂ ಬೇಕು. ಆಗ ಸದ್ದು ಮಾಡುವ ಹಿತ್ತಾಳೆಯೇ ಸರಿ. ಪ್ರತಿ ರವಿವಾರ ಪೆಟ್ಟಿಗೆ ತೆರೆಯುವಾಗ, ಈಗ ತಪ್ಪಿದರೆ ಸಿಂಧನೂರು ಕೈತಪ್ಪಿತು ಎಂದು ಬೆವರುತ್ತಿದ್ದೆ.

ಸಿಂಧನೂರಿಗೆ ಹೋಗಿಬರಲು ನನಗಿದ್ದ ದಿನವೂ ರವಿವಾರವೊಂದೇ. ಆ ಊರಿನ ಬಸ್ಸು ಮಸ್ಕಿಯ ಮೇಲೆಯೇ ಹೋಗುತ್ತಿತ್ತು. ಹಳ್ಳ ದಾಟುವಾಗ ಒಳಗಿನವರು ನಮ್ಮನ್ನು ನೋಡುತ್ತಿದ್ದರು; ನಾನು ಸಾಹೇಬರ ಕೋಲಿನ ತುದಿ ನೋಡುತ್ತಿದ್ದೆ.

ದಸರೆಯ ರಜೆಯಲ್ಲಿ ಹೆಂಡತಿಗೊಂದು ಹಿತ್ತಾಳೆ ಹೊಳಪಿನ ಹಳದಿ ಸೀರೆ ಒಯ್ದಿದ್ದೆ. ಮಡಿಕೆ ಬಿಚ್ಚಿ ನೋಡಿದವಳೇ, "ಇದು ರಾಡಿ ನೀರಿಗೆ ಆರಿಸಿದ್ದೇನ್ರಿ?" ಎಂದಳು.

"ಚಲೋ ಇಲ್ಲೇನು?"

"ಚಲೋ ಐತಿ. ದೂರಿಂದ ಕಾಣಸ್ತೀನಿ. ನೀವು ಇರೋದೂ ದೂರನ ಅಲ್ಲ. ಅದಿರ್ಲಿ, ಸಾಹೇಬ್ರಿಗೆ ಬಾಯಿಬಿಟ್ಟು ಕೇಳೀರೇನು?"

"ಮೀನು ಸಿಕ್ಕ ದಿನ ಕೇಳ್ಬೇಕಂತ ಅದೀನಿ. ಸಿಗದ ದಿನ ಸಿಟ್ಟಿನ್ಯಾಗ ಇರ್ತಾರ."

"ಸಿಕ್ಕಾವಲ್ಲ, ಯಾಕ ಕೇಳ್ಲಿಲ್ಲ?"

"ಸಿಕ್ಕವು ಸಣ್ಣವು."

ಅವಳು ಸೀರೆಯನ್ನು ಮತ್ತೆ ಮಡಿಚಿಟ್ಟಳು.

ದೊಡ್ಡದು ಸಿಕ್ಕಿದ್ದು ಮರುವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ. ಆ ದಿನ ನೀರು ರಾಡಿಯೂ ಅಲ್ಲ, ತಿಳಿಯೂ ಅಲ್ಲ, ಚಹಾದ ಬಣ್ಣ. ಬೆಳ್ಳಿ ತೆಗೆದೆ, ಇಟ್ಟೆ. ಹಿತ್ತಾಳೆ ತೆಗೆದೆ, ಇಟ್ಟೆ. ಕೊನೆಗೆ ಕೆಂಪು ತಲೆಯ ಕಟ್ಟಿಗೆ ಮೀನು ಕಟ್ಟಿಕೊಟ್ಟೆ. ದಂಡೆಯ ಆಪು ಹುಲ್ಲಿನ ಬುಡದಲ್ಲಿ ಮರಿಗಳು ಕೆಂಪಗೆ ಗುಂಪುಗೂಡಿದ್ದವು. ಕೊರಮೀನು ಗಂಡು ಹೆಣ್ಣು ಎರಡೂ ಜೊತೆಗಿದ್ದು ಮರಿ ಕಾಯುತ್ತವೆ. ಆಗ ಅವು ಹಸಿವಿಗಲ್ಲ, ಸಿಟ್ಟಿಗೆ ಕಚ್ಚುತ್ತವೆ. ಸಾಹೇಬರು ಗುಂಪಿನ ಪಕ್ಕದಲ್ಲೇ ಎಸೆದರು. ತೋಳುದ್ದದ ಮೀನು ಬಂತು.

ಸಾಹೇಬರು ನನ್ನ ಹೆಗಲ ಮೇಲೆ ಕೈ ಹಾಕಿದರು. ಇದಕ್ಕಿಂತ ಒಳ್ಳೆಯ ಗಳಿಗೆ ಬರಲಾರದೆಂದು ಬಾಯಿಬಿಟ್ಟೆ.

"ಸಾಹೇಬ್ರ, ಸಿಂಧನೂರಿನ ಆ ಜಾಗಾ..."

"ಅದಾ? ಶುಕ್ರವಾರನ ಹುಕುಂ ಆತಲ್ರಿ. ನಮ್ಮ ಟಪಾಲಿನ ಗುಮಾಸ್ತನ್ನ ಕಳಿಸೀನಿ. ಅವನಿಗೆ ಒಂದು ಕೆಲಸ ನೆಟ್ಟಗ ಬರಂಗಿಲ್ಲ, ಇಲ್ಲಿ ಇಟ್ಕೊಂಡು ಏನ್ ಮಾಡ್ಲಿ? ನಿಮ್ಮ ಹೆಸರೂ ಬಂದಿತ್ತು. ನಾನ ತೆಗೆಸಿದೆ." ಮೀನಿನ ಕಡೆ ಕೈ ತೋರಿಸಿದರು. "ನಿಮ್ಮನ್ನ ಬಿಟ್ಟುಕೊಟ್ರ, ಈ ನೀರಿಗೆ ಕೆಂಪು ತಲೀದು ಕಟ್ರಿ ಅಂತ ನನಗ್ಯಾರು ಹೇಳ್ತಾರ?"

ಅವರು ಮನಸಾರೆ ಹೊಗಳುತ್ತಿದ್ದರು. "ಮೆಹರ್‌ಬಾನಿ, ಸಾಹೇಬ್ರ," ಎಂದೆ. ಕೆಂಪು ತಲೆಯದನ್ನು ಬಲಗೈಯಲ್ಲೇ ಒರೆಸಿ ಪೆಟ್ಟಿಗೆಗೆ ಹಾಕಿದೆ.

ಎರಡು ದಿನ ರಜೆ ಹಾಕಿ ಸಿಂಧನೂರಿಗೆ ಹೋದೆ. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದು ದಂಡವಾಯಿತು. ಹೆಂಡತಿಗೆ ಮೊದಲೇ ಗೊತ್ತಿತ್ತು. ಶಾಲೆಯ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ಮನೆಯೊಂದನ್ನು ಅವಳು ನನಗೆ ತಿಳಿಸದೆ ಗೊತ್ತು ಮಾಡಿಟ್ಟಿದ್ದಳೆಂಬುದು ನನಗೆ ಗೊತ್ತಾದದ್ದು ಆಗಲೇ.

"ನಿಮ್ಮ ಟಪಾಲಿನವರು ಬಂದಿದ್ರು," ಎಂದಳು. "ಹೆಂಡ್ತಿ, ಮಕ್ಕಳನ್ನ ಕರ್ಕೊಂಡು ಬರ್ತಾರಂತ. ಆ ಮನಿ ಅವರಿಗೆ ಬಿಟ್ಟುಕೊಟ್ಟೆ. ಖಾಲಿ ಇಟ್ಟು ಏನ್ ಮಾಡೂದು?"

ಅವಳು ನೀರು ತಂದಿಟ್ಟಳು.

"ಸುಣ್ಣ ನಾನ ಹಚ್ಚಿದ್ದೆ. ಚಲೋ ಹತ್ತಿತ್ತು. ಬೇಕಂದ್ರ ನೋಡಿ ಬರ್ರಿ, ಅವರು ಇನ್ನೂ ಇರಾಕ ಬಂದಿಲ್ಲ."

ನಾನು ನೋಡಲು ಹೋಗಲಿಲ್ಲ.