ಜಗಲಿಯಿಲ್ಲದ ಮನೆ

ನನ್ನ ನೆನಪಿನಲ್ಲಿರುವ ಮನೆಗಳಲ್ಲೆಲ್ಲ ಜನ ತುಂಬಿಕೊಂಡಿರುತ್ತಾರೆ. ಇದರ ಮೇಲೆ ನನಗೇ ಅನುಮಾನ. ನೆನಪಿಗೆ ಖಾಲಿ ಕೋಣೆ ಕಂಡರೆ ಆಗುವುದಿಲ್ಲವೇನೋ. ಎಲ್ಲಿಂದಲಾದರೂ ನಾಲ್ಕು ಜನರನ್ನು ಕರೆತಂದು ಕೂರಿಸಿಬಿಡುತ್ತದೆ.

ದುರ್ಗದಲ್ಲಿ ಜೋಗಿಮಟ್ಟಿಯ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ದೊಡ್ಡಪ್ಪ ಕಟ್ಟಿಸಿದ ಮನೆ ಈಗ ಪಬ್ ಆಗಿದೆ. ಬೋರ್ಡಿನಲ್ಲಿ ಪಬ್ ಎಂದಿದ್ದರೂ ಊರಿನವರು ಬಾರ್ ಎಂದೇ ಕರೆಯುತ್ತಾರೆ. ದೊಡ್ಡಪ್ಪ ಇಂಜಿನಿಯರು. ಮುಂಬಯಿಯಲ್ಲಿ ಓದಿ ಬಂದವರು ಹೆಂಚಿನ ಮನೆಗಳ ಸಾಲಿನಲ್ಲಿ ಒಂದು ಬಿಳಿ ಪೆಟ್ಟಿಗೆಯನ್ನು ನಿಲ್ಲಿಸಿದರು. ಸಪಾಟಾದ ಚಾವಣಿ, ಕಂಬದ ಆಸರೆಯಿಲ್ಲದೆ ಮುಂದಕ್ಕೆ ಚಾಚಿದ ಪೋರ್ಟಿಕೊ, ಗೋಡೆಯ ಮೂಲೆಯನ್ನೇ ಬಳಸಿ ತಿರುಗುವ ಗಾಜಿನ ಕಿಟಕಿ. ಬೇಡದ ಒಂದು ಗೆರೆಯೂ ಇರಬಾರದು ಎನ್ನುವುದು ಆ ಕಾಲದ ಹೊಸ ವಾಸ್ತುಶಿಲ್ಪದ ವ್ರತ. ಆ ವ್ರತಕ್ಕೆ ದೇವರ ಗೂಡೂ ಹೋಯಿತು, ಜಗಲಿಯೂ ಹೋಯಿತು. ದೇವರೇನೋ ಈಗ ವಾಪಸು ಬಂದಿದ್ದಾನೆ. ಪಬ್ಬಿನ ಗಲ್ಲಾದ ಮೇಲೆ ದಿನಾ ಊದುಬತ್ತಿ ಹಚ್ಚುತ್ತಾರೆ.

ಆ ಮನೆಯಲ್ಲಿ ಸದಾ ನೆಂಟರಿದ್ದರು ಎಂದು ನನ್ನ ನೆನಪು. ದೊಡ್ಡಮ್ಮನ ನೆನಪು ಬೇರೆ. ಅವರ ತವರು ಮಾಡದಕೆರೆ ಎಂಬ ಹಳ್ಳಿ. ಕೋರ್ಟಿಗೋ ಆಸ್ಪತ್ರೆಗೋ ದುರ್ಗಕ್ಕೆ ಬಂದ ತವರಿನವರು ಮೊದಮೊದಲು ಮನೆಗೆ ಬರುತ್ತಿದ್ದರಂತೆ. ಧೂಳುಗಾಲಲ್ಲಿ ಕನ್ನಡಿಯಂಥ ಮೊಸಾಯಿಕ್ ನೆಲ ತುಳಿಯಲು ಹಿಂಜರಿದು, ಕೂತು ಬುತ್ತಿ ಬಿಚ್ಚಲು ಜಗಲಿಯೂ ಇಲ್ಲದೆ, ಪೋರ್ಟಿಕೊದ ಕೆಳಗೆ ನಿಂತೇ ಮಾತಾಡಿ ಹೊರಟುಬಿಡುತ್ತಿದ್ದರಂತೆ. ಬರಬರುತ್ತ ಬರುವುದೇ ನಿಂತಿತು. ದುರ್ಗ ಸೇರಿದ ಮೇಲೆ ಅವಳಿಗೆ ಸೊಕ್ಕು ಎಂಬ ಮಾತು ತವರಿನಲ್ಲಿ ಹುಟ್ಟಿತು. ಅವರ ಅಣ್ಣ ಸಾಯುವವರೆಗೂ ಆ ಮಾತನ್ನು ಬಿಡಲಿಲ್ಲ. ಮನೆ ಮಾರಿ ಎಷ್ಟೋ ವರ್ಷವಾದರೂ ದೊಡ್ಡಮ್ಮ ನನ್ನನ್ನು ಕೇಳುವುದು ಒಂದೇ: "ನಾನು ಹಂಗಿದ್ನೇನೋ? ನೀನೂ ನೋಡಿದೀಯಲ್ಲ, ನಿಜ ಹೇಳು."

ನಾನಾಗ ಚಿಕ್ಕವನು. ಸಾಕ್ಷಿ ಹೇಳುವಷ್ಟು ನಂಬಿಕೆ ನನ್ನ ನೆನಪಿನ ಮೇಲೆ ನನಗಿಲ್ಲ.

ಹೋದ ತಿಂಗಳು ಅವರೇ ಹೊರಟು ನಿಂತರು.

"ಬಾರಿಗಾ ದೊಡ್ಡಮ್ಮ?" ಎಂದೆ.

"ನಮ್ಮನೆಗೆ ಕಣೋ. ಕುಡಿಯಾಕೆ ಹೋಗಾಣ ಅಂದ್ನಾ?"

ಬೆಳಿಗ್ಗೆ, ಗಿರಾಕಿಗಳು ಬರುವ ಮುಂಚೆಯೇ ಹೋದೆವು. ಪೋರ್ಟಿಕೊ ಹಾಗೆಯೇ ಇತ್ತು. ಕತ್ತೆತ್ತಿ ಅದರ ಅಂಚಿನ ಗೆರೆ ನೋಡುತ್ತ ನಿಂತೆ. ಚೆಲುವಾದ ಗೆರೆ, ಈಗಲೂ. ದೊಡ್ಡಮ್ಮ ನೋಡುತ್ತಿದ್ದದ್ದು ಕೆಳಗೆ. ಗೋಡೆಯುದ್ದಕ್ಕೂ ಹೊಸದಾಗಿ ಒಂದು ಕಲ್ಲಿನ ಕಟ್ಟೆ.

"ಇದನ್ನ ಯಾರಪ್ಪ ಕಟ್ಸಿದ್ದು?"

ಒಳಗೆ ಕುರ್ಚಿ ಇಳಿಸುತ್ತಿದ್ದ ಮಾಲೀಕ ಹೊರಗೆ ಬಂದ. "ನಾವೇ ಕಣಮ್ಮ. ಒಳಗೆ ಜಾಗ ಆಗೋಗಂಟ ಜನ ಇಲ್ಲೇ ನಿಂತಿರೋರು. ನಿಂತಿರೋರ್ನ ನೋಡ್ಕಂಡು ನಾನು ಗಲ್ಲಾದಾಗೆ ಹೆಂಗೆ ಕುಂತ್ಕಳ್ಳಿ? ಬರ್ರಿ, ಒಳಗೆ ಬರ್ರಿ."

ನನಗೆ ದುರ್ಗದ ಕೋಟೆಯ ನೆನಪಾಯಿತು. ಜನರನ್ನು ಹೊರಗಿಡಲೆಂದೇ ಕಟ್ಟಿದ ಕೋಟೆ. ಅದರ ಬಾಗಿಲುಗಳ ಪಕ್ಕದಲ್ಲೂ ಕೂರಲು ಕಲ್ಲಿನ ಕಟ್ಟೆಗಳಿವೆ. ದೊಡ್ಡಪ್ಪ ಯಾರನ್ನೂ ಹೊರಗಿಡಬೇಕೆಂದವರಲ್ಲ. ನೆಂಟರೆಂದರೆ ನೇರ ಒಳಗೆ ಬಂದು ಸೋಫಾದ ಮೇಲೆ ಕೂರುವವರು ಎಂದು ಅವರ ನಕ್ಷೆ ತಿಳಿದಿತ್ತು, ಅಷ್ಟೆ. ಇನ್ನು ನಾನು ಕಂಡ ನೆಂಟರು? ಒಮ್ಮೊಮ್ಮೆ ಬಂದವರನ್ನೇ ನನ್ನ ನೆನಪು ಸದಾ ಇದ್ದವರನ್ನಾಗಿ ಮಾಡಿರಬೇಕು. ಮಕ್ಕಳು ಎಲ್ಲಿ ಬೇಕಾದರೂ ಕೂರುತ್ತಾರೆ. ಜಗಲಿ ಇಲ್ಲದ್ದು ಅವರಿಗೆ ಕಾಣುವುದಿಲ್ಲ.

ದೊಡ್ಡಮ್ಮ ಒಳಗೆ ಹೋಗಲಿಲ್ಲ. ಸೆರಗಿನಿಂದ ಕಟ್ಟೆ ಒರೆಸಿ ಕೂತರು. ಕಲ್ಲಿನ ಮೇಲೆ ಅಂಗೈ ಊರಿದರು.

"ನನ್ ಸೊಕ್ಕಲ್ಲ. ಕಟ್ಟೆ ಇರ್ಲಿಲ್ಲ," ಎಂದರು, ಯಾರಿಗೋ. ಬಹುಶಃ ಅಣ್ಣನಿಗೆ.

"ಹೌದು ದೊಡ್ಡಮ್ಮ," ಎಂದೆ. ಇಷ್ಟು ಹೇಳಲು ನನಗೆ ನೆನಪು ಬೇಕಿರಲಿಲ್ಲ, ಕಣ್ಣು ಸಾಕಾಗಿತ್ತು.

ಅವರು ತಲೆಯೆತ್ತಿ ನನ್ನನ್ನು ನೋಡಿದರು. "ನಿಂತೇ ಇದೀಯಲ್ಲೋ, ನಿಮ್ಮ ದೊಡ್ಡಪ್ಪನಂಗೆ ಮೇಲೆ ನೋಡ್ಕಂಡು. ಬಾರೋ, ಕುಂತ್ಕ," ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದರು.

ಕೂತೆ. ಅಲ್ಲಿಂದ ಆ ಗೆರೆ ಕಾಣುವುದಿಲ್ಲ. ರಸ್ತೆಯಲ್ಲಿ ಹೋಗಿಬರುವ ಜನ ಕಾಣುತ್ತಾರೆ.