ಮಗ್ಗದ ಶ್ರುತಿ

ಬಾರಿಸಲು ನನಗೊಂದು ಜಾಗ ಸಿಕ್ಕ ದಿನ ಮನೆಯಲ್ಲಿ ಗೋಧಿ ಹುಗ್ಗಿ ಮಾಡಿದ್ದೆ. ನಮ್ಮ ಮನೆಯವರು ಬಹಳ ಯೋಚಿಸಿ ಹುಡುಕಿದ ಜಾಗ ಅದು. ಬನಹಟ್ಟಿಯ ನಮ್ಮ ಮನೆಯ ಹಿಂದೆಯೇ ಪವರ್‌ಲೂಮ್ ಶೆಡ್ಡು, ಅದರ ಮೂಲೆಯಲ್ಲಿ ನೂಲಿನ ಚೀಲ ಇಡುವ ಕಟ್ಟೆ. "ಇಲ್ಲಿ ಕುಂತು ಎಷ್ಟರ ಜೋರ್ ಬಾರಸು. ಯಾರಿಗೂ ಕೇಳಂಗಿಲ್ಲ," ಎಂದರು. ಪಾಪ, ಪ್ರೀತಿಯಿಂದಲೇ ಅಂದ ಮಾತು. ನಾನೂ ಹಾಗೇ ತೆಗೆದುಕೊಂಡೆ. ಯಾರಿಗೂ ಕೇಳದಂತೆ ಬಾರಿಸುವುದು ಎಂಥ ಬಾರಿಸುವುದು ಎಂದು ಆಗ ನನಗೆ ಹೊಳೆಯಲಿಲ್ಲ.

ನಾನು ಬಾರಿಸುವುದು ಬೇಸ್ ಗಿಟಾರು. ಸಾದಾ ಗಿಟಾರಿಗಿಂತ ಅದರ ಕೊರಳು ಉದ್ದ, ತಂತಿ ನಾಲ್ಕೇ, ಆದರೆ ಒಂದೊಂದೂ ದಪ್ಪ. ಹಾಡಿನ ಕೆಳಗೆ ದುಂ ದುಂ ಎಂದು ನಡೆಯುವ ಆ ಸದ್ದನ್ನು ಇದ್ದಾಗ ಯಾರೂ ಗಮನಿಸುವುದಿಲ್ಲ. ನಿಂತಾಗ ಮಾತ್ರ ಏನೋ ಕಡಿಮೆಯಾಯಿತಲ್ಲ ಎಂದು ಎಲ್ಲರೂ ಅತ್ತಿತ್ತ ನೋಡುತ್ತಾರೆ. ಸೊಸೆಯರಿಗೆ ಹೇಳಿ ಮಾಡಿಸಿದ ವಾದ್ಯ ಎಂದು ನಾನೇ ಎಷ್ಟೋ ಸಲ ತಮಾಷೆ ಮಾಡಿದ್ದೇನೆ. ಮುಧೋಳದ ತವರಲ್ಲಿ ಅಪ್ಪ ಭಜನೆಗೆ ಹಾರ್ಮೋನಿಯಂ ಹಿಡಿಯುತ್ತಿದ್ದರು, ಅಣ್ಣ ಮದುವೆ ಆರ್ಕೆಸ್ಟ್ರಾದಲ್ಲಿ ಬೇಸ್ ಬಾರಿಸುತ್ತಿದ್ದ. ಅಣ್ಣ ಹೊರಗೆ ಹೋದರೆ ಗಿಟಾರು ನನ್ನ ತೊಡೆಯ ಮೇಲೆ. ಅಪ್ಪ ಬೈಯುತ್ತಿರಲಿಲ್ಲ. "ಮೊದಲ ಶ್ರುತಿಗೆ ಬಾರವಾ," ಎಂದಷ್ಟೇ ಅನ್ನುತ್ತಿದ್ದರು. ಶ್ರುತಿ ನಮ್ಮ ಹತ್ತಿರ ಬರುವುದಿಲ್ಲ, ನಾವೇ ಅದರ ಹತ್ತಿರ ಹೋಗಬೇಕು. ಊಟಕ್ಕೆ ಮೊದಲು ಕೈ ತೊಳೆಯುವುದನ್ನು ಕಲಿತ ಹಾಗೆ ನಾನು ಅದನ್ನು ಕಲಿತೆ.

ಮದುವೆಯಾಗಿ ಬಂದ ಮೇಲೆ ಎಷ್ಟೋ ವರ್ಷ ಗಿಟಾರು ಮುಟ್ಟಲಿಲ್ಲ. ಮಗಳು ಕಾಲೇಜು ಸೇರಿ ಮನೆಯಲ್ಲಿ ಮಧ್ಯಾಹ್ನ ಎಂಬುದೊಂದು ನನ್ನ ಪಾಲಿಗೆ ಬಂದಾಗ, ಜಮಖಂಡಿಯಲ್ಲಿ ಯಾರೋ ಹಳೆಯ ವಾದ್ಯ ಮಾರುತ್ತಿದ್ದಾರೆಂದು ಅಣ್ಣ ಹೇಳಿದ. ನಮ್ಮ ಮನೆಯವರೇ ಗಾಡಿಯ ಮೇಲೆ ಕರೆದುಕೊಂಡು ಹೋದರು. ಅಲ್ಲಿದ್ದವು ಎರಡು ಬೇಸ್. ಒಂದರ ಕೊರಳಿಗೆ ಅಡ್ಡಡ್ಡ ಲೋಹದ ಪಟ್ಟಿಗಳು ಇದ್ದವು. ಫ್ರೆಟ್ ಎನ್ನುವುದು ಅವಕ್ಕೇ. ಎರಡು ಪಟ್ಟಿಗಳ ನಡುವೆ ಬೆರಳು ಎಲ್ಲಿ ಬಿದ್ದರೂ ಸ್ವರ ತನ್ನ ಜಾಗದಲ್ಲೇ ಬರುತ್ತದೆ. ಇನ್ನೊಂದು ಫ್ರೆಟ್ ಇಲ್ಲದ್ದು. ಬರೀ ನುಣುಪಾದ ಕರಿ ಕಟ್ಟಿಗೆ, ಪಟ್ಟಿ ಇರಬೇಕಾದಲ್ಲಿ ಒಂದು ಗೆರೆ ಕೂಡ ಎಳೆದಿರಲಿಲ್ಲ. ಅಕ್ಕಿಕಾಳಿನಷ್ಟು ಬೆರಳು ಸರಿದರೂ ಸ್ವರ ಕೆಡುತ್ತದೆ.

"ಅಕ್ಕಾರ, ಫ್ರೆಟ್ ಇದ್ದದ್ದ ತಗೋರಿ. ನಾನ ಇದರ ಸಂಗಾಟ ಗುದ್ದಾಡಿ ಸಾಕಾಗೇತಿ," ಎಂದರು ಮಾರುವವರು.

ಅವರಿಗೆ ಗುದ್ದಾಡಿ ಸಾಕಾಗಿದ್ದ, ಫ್ರೆಟ್ ಇಲ್ಲದ್ದನ್ನೇ ನಾನು ಎತ್ತಿಕೊಂಡೆ. ಕಾರಣ ಮೀಂಡ್. ಒಂದು ಸ್ವರದಿಂದ ಇನ್ನೊಂದಕ್ಕೆ ನಡುವೆ ಕಡಿಯದೆ ಜಾರುವುದು. ಅಪ್ಪನ ಹಾರ್ಮೋನಿಯಂಗೆ ಅದು ಬರುತ್ತಿರಲಿಲ್ಲ, ಅಣ್ಣನ ಬೇಸ್‌ಗೂ ಬರುತ್ತಿರಲಿಲ್ಲ. ಆ ಕರಿ ಕಟ್ಟಿಗೆಯ ಮೇಲೆ ಬೆರಳು ಎಳೆದೆ ನೋಡಿ, ಯಾರೋ ದೊಡ್ಡ ಹೆಂಗಸು ನರಳಿದಂತೆ ಒಂದು ಸ್ವರ ಬಂತು. ನಮ್ಮ ಮನೆಯವರು ಬೆಚ್ಚಿ ಹಿಂದೆ ಸರಿದರು. ನನಗೆ ಅಲ್ಲೇ ತೀರ್ಮಾನವಾಯಿತು.

ಉಳಿದ ಸಾಮಾನೆಲ್ಲ ಶೆಡ್ಡು ನೋಡಿಕೊಂಡು ಆರಿಸಿದೆ. ಅದಕ್ಕಿದ್ದ ತಂತಿ ಒರಟು ಸುತ್ತಿನದು, ಕಟ್ಟಿಗೆಯನ್ನು ತಿಂದುಹಾಕುತ್ತದೆ. ಚಪ್ಪಟೆ ಸುತ್ತಿನ ತಂತಿ ತರಿಸಿದೆ. ಅದರಲ್ಲಿ ಬೆರಳು ಜಾರುವಾಗ ಚರ್‌ಚರ್ ಅನ್ನುವುದೂ ಇಲ್ಲ. ಆಂಪ್ಲಿಫೈಯರ್ ಬ್ಯಾಟರಿಯದೇ ಇರಲಿ ಎಂದವರು ನಮ್ಮ ಮನೆಯವರು, ಮಗ್ಗ ಚಾಲು ಆದಾಗ ಶೆಡ್ಡಿನ ಕರೆಂಟು ಏರಿಳಿದು ಅದು ಸುಟ್ಟುಹೋದೀತೆಂದು. ಹೆಡ್‌ಫೋನ್ ಹಾಕಿಕೊಂಡು ಮನೆಯೊಳಗೇ ಬಾರಿಸಬಹುದಿತ್ತಲ್ಲ ಎಂದು ಕೇಳುವ ಜಾಣರಿದ್ದಾರೆ. ಕುಕ್ಕರ್ ಎಷ್ಟು ಕೂಗಿತು, ಬಾಗಿಲಲ್ಲಿ ಯಾರು ಬಂದರು, ಅತ್ತೆ ಏನೆಂದರು, ಇದೆಲ್ಲ ಕೇಳಿಸಿಕೊಳ್ಳುವ ಕಿವಿಯನ್ನು ಮುಚ್ಚಿ ಕೂರಲು ಯಾವ ಮನೆಯಲ್ಲಿ ಬಿಡುತ್ತಾರೆ? ಶೆಡ್ಡಿಗೂ ಒಂದು ವ್ಯವಸ್ಥೆ ಆಯಿತು. ನನ್ನ ತಲೆಯ ಮೇಲೆ ಒಂದು ಕೆಂಪು ಬಲ್ಬು, ಅದರ ಸ್ವಿಚ್ಚು ಅಡುಗೆಮನೆಯಲ್ಲಿ. ಅತ್ತೆ ಒತ್ತಿದರೆ ನಾನು ಏಳಬೇಕು. ಬಲ್ಬಿನ ಕಡೆ ಒಂದು ಕಣ್ಣಿಟ್ಟೇ ನಾನು ಬಾರಿಸುವುದನ್ನು ರೂಢಿ ಮಾಡಿಕೊಂಡೆ.

ಮಗ್ಗದ ಸದ್ದು ಗೊತ್ತಿಲ್ಲದವರು ಅದನ್ನು ಬರೀ ಖಟಖಟ ಅಂದುಕೊಳ್ಳುತ್ತಾರೆ. ಖಟಖಟದ ಕೆಳಗೆ ಮೋಟರುಗಳದ್ದೊಂದು ಗುಂಯ್ ಇದೆ, ಒಂದೇ ಸಮ, ಉಸಿರು ತೆಗೆದುಕೊಳ್ಳದ್ದು. ಅದು ನನ್ನ ಬೇಸ್‌ನೊಳಗೂ ಹೊಕ್ಕು ಸ್ಪೀಕರಿನಿಂದ ಬರುತ್ತಿತ್ತು. ಮೊದಮೊದಲು ಮೊಬೈಲಿನಲ್ಲಿ ಸ್ವರ ತೋರಿಸುವ ಆ್ಯಪ್ ನೋಡಿ ತಂತಿಯನ್ನು ಶ್ರುತಿಗೆ ಕೂಡಿಸಿದೆ. ಆದರೆ ನನ್ನ ಸ್ವರಕ್ಕೂ ಆ ಗುಂಯ್‌ಗೂ ಜಗಳ, ಎರಡೂ ಒಂದರ ಮೇಲೊಂದು ಬಿದ್ದು ಗುವ್ವಗುವ್ವ ಎಂದು ಅಲುಗುತ್ತಿದ್ದವು. ಬೇರೆ ಊರಿನವರಾಗಿದ್ದರೆ ತಂತಿ ಸರಿಯಿದೆ, ಮೋಟರು ಹಾಳಾಗಿಹೋಗಲಿ ಎನ್ನುತ್ತಿದ್ದರು. ನಾನು ಭಜನೆಯ ಮನೆಯ ಮಗಳು. ಎಡೆಬಿಡದೆ ಒಂದು ಸ್ವರ ನಿಂತಿದೆಯೆಂದರೆ ಅದು ಶ್ರುತಿ, ಅದಕ್ಕೆ ನಾನೇ ಹೋಗಬೇಕು. ಬಿರಡೆ ತಿರುವಿ ತಂತಿಯನ್ನು ಕೂದಲೆಳೆಯಷ್ಟು ಏರಿಸಿದೆ. ಜಗಳ ನಿಂತುಹೋಯಿತು. ಮೋಟರಿನ ಸಾ ನನ್ನ ಸಾ ಆಯಿತು. ಅಂದು ಎಷ್ಟು ಹೊತ್ತು ಮೀಂಡ್ ಎಳೆದೆನೋ, ಬಲ್ಬು ಹತ್ತಿದ್ದೂ ಕಾಣಲಿಲ್ಲ. ಅತ್ತೆ ಬಂದು ಭುಜ ಅಲುಗಿಸಬೇಕಾಯಿತು.

ಆ ಸುಖ ಒಂದೆರಡು ವರ್ಷ ನಡೆಯಿತು. ಆಮೇಲೆ ಉಸಿರು ಕಟ್ಟತೊಡಗಿತು. ಮೂರಡಿ ದೂರದಲ್ಲಿ ಮಗ್ಗ ನೋಡಿಕೊಳ್ಳುವ ಕೆಲಸದ ಅಣ್ಣ ನಿಂತಿರುತ್ತಿದ್ದರು, ಅವರಿಗೆ ನನ್ನ ಬೆರಳು ಆಡುವುದು ಕಾಣುತ್ತಿತ್ತೇ ವಿನಾ ಏನೂ ಕೇಳುತ್ತಿರಲಿಲ್ಲ. ಮೀನಿನ ಬಾಯಿ ನೋಡಿದ ಹಾಗೆ ನೋಡುತ್ತಿದ್ದರು. ನನಗೆ ಬೇರೆ ಮನುಷ್ಯರ ಜೊತೆ ಬಾರಿಸಬೇಕಿತ್ತು. ಹಾಡೊಂದರ ಕೆಳಗೆ ನಾನಿರಬೇಕು, ನಾನು ನಿಂತರೆ ಯಾರಾದರೂ ತಿರುಗಿ ನೋಡಬೇಕು, ಇಷ್ಟೇ. ಜಮಖಂಡಿಯಲ್ಲಿ ಮದುವೆ, ಆರತಕ್ಷತೆಗಳಲ್ಲಿ ಭಾವಗೀತೆ ಹಾಡುವ ಒಂದು ಗುಂಪಿಗೆ ಬೇಸ್ ಬಾರಿಸುವವರು ಬೇಕಾಗಿದ್ದಾರೆಂದು ಗೊತ್ತಾದಾಗ, ಮನೆಯಲ್ಲಿ ಯಾರನ್ನೂ ಕೇಳದೆ ಬರುತ್ತೇನೆ ಎಂದುಬಿಟ್ಟೆ. ಕೇಳಿದ್ದರೆ ಬೇಡ ಎನ್ನುತ್ತಿರಲಿಲ್ಲ. ಯೋಚನೆ ಮಾಡೋಣ ಎನ್ನುತ್ತಿದ್ದರು. ಅದು ಇನ್ನೂ ಕೆಟ್ಟದ್ದು.

ಗುಂಪಿನ ಕೀಬೋರ್ಡಿನವರ ಮನೆಯ ಮಾಳಿಗೆಯಲ್ಲಿ ಪರೀಕ್ಷೆ. ಅವರ ಕೀಬೋರ್ಡಿಗೆ ಸರಿಯಾಗಿ ತಂತಿ ಕೂಡಿಸಿಕೊಂಡೆ. ಹಾಡು ಶುರುವಾಯಿತು. ನನಗೆ ಮೈ ಜುಂ ಎಂದಿತು, ಕಣ್ಣು ಮುಚ್ಚಿ ಬಾರಿಸಿದೆ. ಕಣ್ಣು ತೆಗೆದಾಗ ಹಾಡುವಾಕೆ ನೆಲ ನೋಡುತ್ತಿದ್ದಳು.

"ಅಕ್ಕಾರ, ಕೈ ಭಾಳ ಛಲೋ ಐತ್ರಿ," ಎಂದರು ಕೀಬೋರ್ಡಿನವರು. ನಮ್ಮ ಕಡೆ ಯಾರಾದರೂ ಮೊದಲು ಹೀಗೆ ಹೊಗಳಿದರೆ ಏನೋ ಕಾದಿದೆ ಎಂದೇ ಅರ್ಥ. "ಆದ್ರ ಎಲ್ಲಾ ಸ್ವರ ಒಂಚೂರು ಮ್ಯಾಲ ಹೊಂಟಾವ್ರಿ."

ನನಗೆ ಸಿಟ್ಟು ಬಂತು. "ನಿಮ್ಮ ಪೆಟಗಿ ಶ್ರುತಿನ ಕೆಳಗ ಇರಬೇಕ್ರಿ," ಎಂದೆ. ಅವರು ಆ್ಯಪ್ ತೆರೆದು ನನ್ನ ಮುಂದಿಟ್ಟರು. ಬರಿ ತಂತಿ ಮೀಟಿದರೆ ಮುಳ್ಳು ನಟ್ಟ ನಡುವೆ ನಿಲ್ಲುತ್ತಿತ್ತು. ಬೆರಳಿಟ್ಟು ಸಾ ಹಿಡಿದರೆ ಬಲಕ್ಕೆ ಓಡುತ್ತಿತ್ತು. ಮತ್ತೆ ಹಿಡಿದೆ, ಮತ್ತೆ ಅದೇ. ತಂತಿ ಜಮಖಂಡಿಯ ಶ್ರುತಿಯಲ್ಲಿತ್ತು, ನನ್ನ ಬೆರಳು ಬನಹಟ್ಟಿಯ ಶೆಡ್ಡನ್ನು ಹುಡುಕಿಕೊಂಡು ಹೋಗುತ್ತಿತ್ತು. ತಡೆಯಲು ಕೊರಳಿನ ಮೇಲೆ ಒಂದು ಪಟ್ಟಿಯೂ ಇರಲಿಲ್ಲ.

"ಫ್ರೆಟ್ ಇದ್ದದ್ದೊಂದು ನಮ್ಮ ಹತ್ರ ಐತ್ರಿ," ಎಂದರು ಅವರು. "ಅದನ್ನ ಬಾರಸ್ರಿ. ಮುಂದಿನ ತಿಂಗಳು ಬೀಳಗಿ ಒಳಗ ಒಂದು ಮದುವಿ ಐತಿ, ನೀವ ಬರ್ರಿ."

ಒಂದಿಷ್ಟು ದಿನ ಕೊಡಿ, ನನ್ನದರಲ್ಲೇ ಸರಿ ಮಾಡಿಕೊಂಡು ಬರುತ್ತೇನೆ ಎಂದು ಹಟ ಹಿಡಿದು ಬಂದೆ. ಸರಿ ಮಾಡಿಕೊಳ್ಳಲು ಬೇಕಾದದ್ದು ನಿಶ್ಶಬ್ದ. ನಮ್ಮ ಊರಲ್ಲಿ ಅದು ಕರೆಂಟು ಹೋದಾಗ ಮಾತ್ರ ಸಿಗುತ್ತದೆ, ಕರೆಂಟು ಹೋದಾಗ ಓಣಿಯೆಲ್ಲ ಹೊರಗೆ ಬಂದು ಕಟ್ಟೆಯ ಮೇಲೆ ಕೂತಿರುತ್ತದೆ. ಮಗ್ಗ ನಡೆದರೆ ನನ್ನ ಕಿವಿ ಕೆಡುತ್ತದೆ, ನಿಂತರೆ ಓಣಿಗೆಲ್ಲ ಕೇಳುತ್ತದೆ. "ಮಂದಿ ಏನಂತಾರ" ಎಂಬ ಅತ್ತೆಯ ಮಾತಿಗೆ ನಾನು ನಗುತ್ತೇನಾದರೂ ಆ ಮಂದಿಗೆ ಅವರಿಗಿಂತ ಹೆಚ್ಚು ಹೆದರುವವಳು ನಾನೇ. ಹೀಗೆ ದಿನ ಕಳೆದವು. ನನಗೆ ಯಾವ ಕಡೆಗೂ ಬಾಗಿಲು ಕಾಣಲಿಲ್ಲ.

ಕೊನೆಗೆ ಕರೆಂಟಿನವರು ತಂತಿ ಬದಲಿಸಲು ದಿನವಿಡೀ ಬಂದ್ ಮಾಡುವ ದಿನ ಬಂತು. ಬೆಳಿಗ್ಗೆ ಎಲ್ಲ ಮಗ್ಗಗಳೂ ಒಮ್ಮೆಗೇ ನಿಂತವು. ಕೆಲಸದವರು ಚಹಾ ಅಂಗಡಿಗೆ ಹೋದರು. ಮಂದಿ ಅಂದರೆ ಅನ್ನಲಿ ಎಂದು ನಾನು ಶೆಡ್ಡಿಗೆ ಹೋಗಿ, ಆ್ಯಪ್ ನೋಡಿ ತಂತಿ ಕೂಡಿಸಿ, ಬ್ಯಾಟರಿ ಹಾಕಿ ಕೂತೆ. ಆ್ಯಪ್ ಮುಚ್ಚಿದೆ. ಕಿವಿಯೊಂದನ್ನೇ ನಂಬಿ ಬೆರಳನ್ನು ನಿಧಾನ ಮೇಲೆ ತಂದೆ. ಒಂದು ಕಡೆ ಮೈಯೆಲ್ಲ ಹೌದು ಎಂದಿತು. ಇದೇ ಸಾ, ಸಂಶಯವೇ ಇಲ್ಲ. ಅಲ್ಲೇ ನಿಲ್ಲಿಸಿ, ವಾಲ್ಯೂಮ್ ಏರಿಸಿ, ಉದ್ದಕ್ಕೆ ಹಿಡಿದೆ. ಮತ್ತೆ ಹಿಡಿದೆ. ಓಣಿಗೆ ಬಾರಿಸಿದ್ದು ಅದೇ ಮೊದಲ ಸಲ.

ಅಡುಗೆಮನೆಯಿಂದ ಅತ್ತೆ ಕೂಗಿದರು, "ಯವ್ವಾ, ಕರೆಂಟ್ ಬಂದೇತಿ ನೋಡ. ಲಗೂನ ಬಂದು ಮಿಕ್ಸರ್ ಹಚ್ಚು!"

ಅಷ್ಟರಲ್ಲಿ ಮಗ್ಗದ ಅಣ್ಣ ಚಹಾ ಬಿಟ್ಟು ಓಡಿ ಬಂದರು. ಬಂದವರೇ ಮಗ್ಗದ ಸ್ವಿಚ್ಚು ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿ ನನ್ನ ಕಡೆ ತಿರುಗಿದರು. "ವೈನಿ, ಮೋಟರ್ ಸಪ್ಪಳ ಕೇಳಿತಲ್ರಿ? ಮತ್ತ ಹೋತೇನ?" ಗೋಡೆಯ ಆಚೆ ಪಕ್ಕದ ಮನೆಯವರೂ ಸ್ವಿಚ್ಚು ಒತ್ತಿ ಒತ್ತಿ ಬೈಯುತ್ತಿದ್ದರು.

ನನ್ನನ್ನು ಯಾರೂ ಏನೂ ಅನ್ನಲಿಲ್ಲ. ಅನ್ನಲು ಯಾರೂ ಹಾಡು ಕೇಳಿರಲೇ ಇಲ್ಲ, ಮೋಟರು ಕೇಳಿದ್ದರು. "ಹೌದ್ರಿ ಅಣ್ಣಾರ, ಬಂದು ಹೋತು," ಎಂದೆ. ಅವರು ಹೋದ ಮೇಲೆ ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತ ನಗುತ್ತ ಅಳು ಬಂತು, ನೂಲಿನ ಚೀಲಕ್ಕೆ ಮುಖ ಒತ್ತಿಕೊಂಡು ಅತ್ತುಬಿಟ್ಟೆ. ಆ ಮೂಲೆಯಿಂದ ಎದ್ದು ಹೋಗಬಹುದು, ಆ ಮೂಲೆಯನ್ನು ಕಿವಿಯಿಂದ ತೆಗೆಯುವುದು ಹೇಗೆ? ಸಂಜೆ ಜಮಖಂಡಿಗೆ ಫೋನ್ ಮಾಡಿ, ನಿಮ್ಮ ಫ್ರೆಟ್ ಇರುವ ಬೇಸ್ ಬಾರಿಸುತ್ತೇನೆ ಎಂದೆ.

ಬೀಳಗಿಯ ಮದುವೆಗೆ ನಮ್ಮ ಮನೆಯವರೂ ಅತ್ತೆಯೂ ಬಂದರು. ಹೊಸ ಸೀರೆ ಉಟ್ಟು ಅತ್ತೆ ಮುಂದಿನ ಕುರ್ಚಿಯಲ್ಲೇ ಕೂತರು. ಅಕ್ಷತೆಯ ಅಕ್ಕಿಕಾಳು ಬಿದ್ದ ಮೇಲೆ ಮಂದಿ ಊಟಕ್ಕೆ ಏಳುತ್ತಿದ್ದ ಹೊತ್ತಿಗೆ ನಮ್ಮ ಹಾಡು ಶುರುವಾಯಿತು. ಬೆರಳು ಎಲ್ಲಿಟ್ಟರೂ ಸ್ವರ ತನ್ನ ಮನೆಯಲ್ಲೇ ಬಂತು. ಅಭ್ಯಾಸಬಲದಿಂದ ಒಂದೆರಡು ಕಡೆ ಮೀಂಡ್ ಎಳೆಯಲು ಹೋದೆ, ಬೆರಳು ಪಟ್ಟಿಗಳ ಮೇಲೆ ಎಡವಿ ಎಡವಿ ಮೆಟ್ಟಿಲು ಇಳಿಯಿತು. ಆಮೇಲೆ ಅದನ್ನೂ ಬಿಟ್ಟೆ. ಹಾಡುವಾಕೆ ಈ ಸಲ ನೆಲ ನೋಡಲಿಲ್ಲ, ನನ್ನ ಕಡೆ ತಿರುಗಿ ನಕ್ಕಳು. ಕೀಬೋರ್ಡಿನವರು ಮುಂದಿನ ಕಾರ್ಯಕ್ರಮಕ್ಕೂ ಬರಬೇಕೆಂದರು. ನಾನು ಬೇಡಿಕೊಂಡಿದ್ದೆಲ್ಲ ಸಿಕ್ಕಿತ್ತು.

ಜಮಖಂಡಿಯ ಬಸ್ಸು ಕಾಯುತ್ತ ನಿಂತಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. ಇಷ್ಟು ವರ್ಷದಲ್ಲಿ ಅವರು ನನ್ನ ಬಾರಿಸುವಿಕೆಯನ್ನು ಬಾರಿಸುವಿಕೆ ಎಂದು ಕೇಳಿದ್ದು ಅಂದೇ.

"ಛಲೋ ಬಾರಿಸಿದಿ ನೋಡ ಯವ್ವಾ. ನಾ ಕಿವಿಗೊಟ್ಟು ಕೇಳಿದ್ನಿ, ಒಂದೂ ತಪ್ಪಲಿಲ್ಲ."

"ತಪ್ಪಬೇಕಂದ್ರೂ ಅದರ ಪಟ್ಟಿ ಬಿಡಂಗಿಲ್ರಿ ಅತ್ತಿ," ಎಂದೆ.

"ಹಂಗಾರ ಭಾಳ ಛಲೋ ಆತಲ್ಲ ಮತ್ತ," ಎಂದರು ಅತ್ತೆ.